ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡ

ಚಿಂತಾಮಣಿ
ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು.

ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ಮೂರು ಸಲ ಓದಿದೆ. ದೀಕ್ಷಾಸ್ನಾನ ತಗೊಂಡು, ಚರ್ಚಿನ ಸನ್ಯಾಸಿನಿ ಅಂದರೆ ಸಿಸ್ಟರ್ ಆಗಿ, ಕುಷ್ಠರೋಗಿಗಳ ಆಶ್ರಮದಲ್ಲೇ ಇದ್ದುಬಿಡ್ತೀನಿ ಅಂತಿದ್ದೀಯ. ಅಪ್ಪನಿಗೆ ಹೇಳಬೇಡಿ ಅಂದಿದ್ದೀಯ, ಹೇಳಿಲ್ಲ. ಆದರೆ ಫೋನಿನ ಮೇಲೆ ಬೆರಳು ಒತ್ತಿ ಉತ್ತರ ಕೊಡುವ ವಿಷಯ ಅಲ್ಲ ಇದು. ಅದಕ್ಕೇ ಕಾಗದ.

ಬೇಡ ಅನ್ನೋದಕ್ಕೆ ಬರೀತಿಲ್ಲ. ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ 'ಹುಟ್ಟಿದ ಧರ್ಮ ಬಿಡಬೇಡ' ಅನ್ನುವ ಬಾಯಿ ನನಗಿಲ್ಲ. ಗುಡಿಯ ಹೊಸಿಲು ದಾಟದೆ ಬೀದಿಯಿಂದಲೇ ಕೈಮುಗಿದು ಬೆಳೆದವನು ನಾನು. ಕುಷ್ಠರೋಗ ನಿಯಂತ್ರಣದ ಕೆಲಸಕ್ಕೆ ಸೇರಿದ ಮೇಲೆ ಹಳ್ಳಿಗಳಲ್ಲಿ ನನಗೆ ಬೇರೆ ಲೋಟ ಇಡುತ್ತಿದ್ದರು. ಜಾತಿಗೋ, ನಾನು ಮುಟ್ಟಿ ಬಂದ ರೋಗಕ್ಕೋ, ಇವತ್ತಿಗೂ ಬಗೆಹರಿದಿಲ್ಲ.

ಆ ಕೆಲಸದ್ದೇ ಒಂದು ಮಾತು ಹೇಳಬೇಕು. ಕುಷ್ಠಕ್ಕೆ ಮೊದಲು ಡ್ಯಾಪ್ಸೋನ್ ಮಾತ್ರೆ ಒಂದೇ ಇದ್ದದ್ದು, ವರ್ಷಗಟ್ಟಲೆ ನುಂಗಬೇಕಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದಕ್ಕಿಂತ ಹೆಚ್ಚು ಔಷಧಿ ಕೂಡಿಸಿ ಕೊಡಿ ಅಂದ ಮೇಲೆ ಎಂಡಿಟಿ ಅನ್ನುವ ಆ ಕೂಡು ಚಿಕಿತ್ಸೆ ಬಂತು. ಅದರಲ್ಲಿನ ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪಗೆ ಹೋಗುತ್ತೆ, ಕ್ಲೋಫಾಜಿಮೈನಿಗೆ ಮೈ ಕಪ್ಪಾಗುತ್ತೆ. ರಕ್ತ ಹೋಗ್ತಿದೆ ಅಂತ ಹೆದರಿ ಮಾತ್ರೆಗಳನ್ನು ತಿಪ್ಪೆಗೆ ಎಸೆದವರನ್ನು ನೋಡಿದ್ದೀನಿ. ಎದುರಿಗೇ ನುಂಗಿಸಿ, 'ಕೆಂಪಗೆ ಹೋಗುತ್ತೆ, ಹೆದರಬೇಡಿ' ಅಂತ ಮೊದಲೇ ಹೇಳಿ, ಮುಂದಿನ ತಿಂಗಳು ಅದೇ ಬಾಗಿಲಿಗೆ ಮತ್ತೆ ಸೈಕಲ್ ಹೊಡೆಯೋದು. ನನ್ನ ಸೇವೆಯಲ್ಲಿ ಮುಕ್ಕಾಲು ಪಾಲು ಇಷ್ಟೇ. ಫೋಟೊ ಹೊಡೆಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಒಬ್ಬ ಅಜ್ಜನನ್ನು ಮಗ ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದ. ಅಂಗಾಲಲ್ಲಿ ಹುಣ್ಣು. ತೊಳೆದು ಬಟ್ಟೆ ಕಟ್ಟುತ್ತಿದ್ದೆ. ಆ ಅಜ್ಜ ನನ್ನ ಕೈ ಹಿಡಿದುಕೊಂಡು, "ನಿಮ್ಮ ದೇವರು ಯಾವುದು ಸ್ವಾಮಿ? ಇನ್ಮೇಲೆ ನಾನೂ ಅದನ್ನೇ ನಂಬ್ತೀನಿ" ಅಂದ. ಅವತ್ತು ನಾನು ಯಲ್ಲಮ್ಮ ಅಂದಿದ್ದರೆ ಯಲ್ಲಮ್ಮ, ಯೇಸು ಅಂದಿದ್ದರೆ ಯೇಸು, ಮುರುಗಮಲ್ಲದ ದರ್ಗಾ ಅಂದಿದ್ದರೆ ಅದೂ ಸರಿಯೇ. ನನಗೆ ಭಯ ಆಯ್ತು ಪುಟ್ಟಿ. ಹುಣ್ಣು ತೊಳೆದವನ ಕೈಗೆ ಅಷ್ಟು ಅಧಿಕಾರ ಬಂದುಬಿಡುತ್ತೆ. "ಮೊದಲು ಹುಣ್ಣು ವಾಸಿಯಾಗಲಿ" ಅಂದು ಎದ್ದು ಬಂದೆ.

ನೀನು ಸಿಸ್ಟರ್ ಆದರೂ ಆ ಪ್ರಶ್ನೆ ನಿನಗೆ ಬಂದೇ ಬರುತ್ತೆ. ಏನಂತೀಯ ಅಂತ ಈಗಲೇ ಯೋಚಿಸಿಕೋ. ಮಲಗಿರೋ ಮನುಷ್ಯನ 'ಹೂಂ' ಅನ್ನು ಲೆಕ್ಕಕ್ಕೆ ಹಿಡಿಯಬೇಡ.

'ಬಡವರ ಸೇವೆ ಮಾಡೋದಕ್ಕೆ ಕ್ರೈಸ್ತಳಾಗ್ತೀನಿ' ಅಂತ ಬರೆದಿದ್ದೀಯಲ್ಲ, ನನಗೆ ಹಿಡಿಸದ ಸಾಲು ಅದೊಂದೇ. ನಿಮ್ಮಪ್ಪನನ್ನು ನಿಮ್ಮಜ್ಜಿ ಹೆತ್ತದ್ದು ಕೋಲಾರದ ಇಟಿಸಿಎಂ ಆಸ್ಪತ್ರೆಯಲ್ಲಿ, 1910ರಲ್ಲಿ ಮೆಥೋಡಿಸ್ಟ್ ಮಿಷನ್ನಿನವರು ಶುರುಮಾಡಿದ್ದು. ಕಷ್ಟದ ಹೆರಿಗೆ. ನಮ್ಮಮ್ಮ ಆ ನರ್ಸಮ್ಮಂದಿರನ್ನು ಸಾಯೋವರೆಗೂ ನೆನೆದಳು, ಗಂಗಮ್ಮನಿಗೆ ತಂಬಿಟ್ಟು ಮಾಡೋದನ್ನೂ ಬಿಡಲಿಲ್ಲ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ, 111ನೇ ವಯಸ್ಸಿನಲ್ಲಿ ಹೋಗುವ ತನಕ ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ, ಅಕ್ಷರ ಕೊಟ್ಟರು. ಸೇವೆಗೆ ಮತಾಂತರದ ಟಿಕೆಟ್ ಬೇಕಿಲ್ಲ. ಯೇಸುವನ್ನು ನಿಜವಾಗಿ ನಂಬಿದ್ದೀಯಾ? ಹಾಗಾದರೆ 'ನಂಬಿದ್ದೀನಿ, ಅದಕ್ಕೇ' ಅನ್ನು. ಬಡವರನ್ನು ನೆಪ ಮಾಡಬೇಡ.

ಪಂಡಿತಾ ರಮಾಬಾಯಿ ಬಗ್ಗೆ ಓದಿದ್ದೀಯೋ ಇಲ್ಲವೋ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಬರಗಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಕಣ್ಣೆದುರೇ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು. ಆಮೇಲೆ ಅಲ್ಲಿಯ ಸಿಸ್ಟರುಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರಾ? ಇಲ್ಲ, ಕಾಗದದ ಮೇಲೆ ಕಾಗದ ಬರೆದು ವಾದ ಮಾಡಿದರು, ಮಾಂಸ ಮುಟ್ಟಲಿಲ್ಲ. ವಿಧವೆಯರಿಗೆ ಶಾರದಾ ಸದನ ತೆರೆದರು. ಅಲ್ಲಿನ ಹುಡುಗಿಯರು ಅವರ ಪ್ರಾರ್ಥನೆಗೆ ಕೂರುತ್ತಾರೆ ಅಂತ ಗುಲ್ಲೆದ್ದು 1893ರಲ್ಲಿ ರಾನಡೆ, ಭಂಡಾರ್ಕರ್‌ರಂಥ ಸಮಾಜ ಸುಧಾರಕರೇ ಸದನದ ಸಲಹಾ ಸಮಿತಿ ಬಿಟ್ಟು ಹೋದರು. ಆದರೂ 1896ರ ಬರದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಕಡೆಯ ಕೇಡಗಾಂವಿನಲ್ಲಿ ಸಾಕಿದವರು ಅವರೇ. ಆ ಸಮಿತಿಯವರ ಅನುಮಾನ ಪೂರ್ತಿ ಸುಳ್ಳು ಅಂತಲೂ ನಾನು ಹೇಳಲಾರೆ, ಆ ಕೊಟ್ಟಿಗೆಯ ಅಜ್ಜ ನೆನಪಾಗ್ತಾನೆ.

ಇನ್ನು ಅವಸರದ ವಿಷಯ. ಬಾಬಾಸಾಹೇಬರು 'ಹಿಂದೂವಾಗಿ ಸಾಯಲ್ಲ' ಅಂತ ಯೇವಲಾದಲ್ಲಿ ಹೇಳಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧರಾಗಿದ್ದು 1956ರ ಅಕ್ಟೋಬರ್ 14ಕ್ಕೆ. ಇಪ್ಪತ್ತೊಂದು ವರ್ಷ ಓದಿದರು, ತೂಗಿದರು. ನೀನು ಆಸ್ಪತ್ರೆಯ ಡ್ಯೂಟಿಗೆ ಹೋಗೋಕೆ ಶುರುಮಾಡಿ ಇನ್ನೂ ಎಂಟು ತಿಂಗಳು. ಅಷ್ಟು ವರ್ಷ ಬೇಡಮ್ಮ, ಎರಡು ವರ್ಷವಾದರೂ ತಗೋ.

ಕಾಗದಪತ್ರದ ಲೆಕ್ಕವೂ ಗೊತ್ತಿರಲಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತಳಾದರೆ ನಮ್ಮ ಎಸ್ಸಿ ಪ್ರಮಾಣಪತ್ರ ನಿನಗೆ ನಡೆಯಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಚರ್ಚಿಗೂ ಹೋಗಿ ಸರ್ಟಿಫಿಕೇಟನ್ನೂ ಬೀರುವಿನಲ್ಲಿ ಇಟ್ಟುಕೊಂಡಿರೋರನ್ನು ನಾನು ಬೈಯಲ್ಲ, ಹೊಟ್ಟೆಪಾಡು. ಆದರೆ ನಿನ್ನ ಸ್ವಭಾವಕ್ಕೆ ಅದು ಒಗ್ಗಲ್ಲ.

ನಿಮ್ಮಮ್ಮನಿಗೆ ನೀನೇ ಹೇಳಬೇಕು, ಎದುರಿಗೆ ಕೂತು. ಅಳ್ತಾಳೆ. ಅಪ್ಪ ಎರಡು ದಿನ ಊಟ ಬಿಡ್ತಾನೆ, ಮೂರನೇ ದಿನ ನಾನು ಮುದ್ದೆ ತಿನ್ನಿಸ್ತೀನಿ.

ಅದಕ್ಕೂ ಮೊದಲು ಒಂದು ಭಾನುವಾರ ಇಲ್ಲಿಗೆ ಬಾ. ನನ್ನ ಹಳೇ ಪೇಷೆಂಟ್ ಒಬ್ಬಳಿದ್ದಾಳೆ. ರೋಗ ಯಾವಾಗಲೋ ವಾಸಿ, ಆದರೆ ಪಾದಕ್ಕೆ ಸ್ಪರ್ಶ ಇಲ್ಲ, ಮುಳ್ಳು ಚುಚ್ಚಿದರೂ ತಿಳಿಯಲ್ಲ. ದಿನಾ ಕಾಲು ನೀರಲ್ಲಿ ನೆನೆಸಿ, ಗಟ್ಟಿ ಚರ್ಮ ಉಜ್ಜಿ ತೆಗೆದು, ಎಣ್ಣೆ ಹಚ್ಚಬೇಕು. ಸೊಸೆ ಮುಟ್ಟಲ್ಲ, ನನಗೀಗ ಬಗ್ಗಿದರೆ ಸೊಂಟ ಹಿಡಿಯುತ್ತೆ. ಹಳೇ ಟವೆಲ್ ಎರಡು ತಗೊಂಡು ಬಾ.

ಇಂತಿ,
ನಿನ್ನ ದೊಡ್ಡಪ್ಪ