611ನೆಯ ಪುಟ

ಚಿ. ಅನಘಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾದಂಬರಿಯ 842 ಪುಟಗಳನ್ನೂ ಓದಿ ಮುಗಿಸಿದೆ. ಇಪ್ಪತ್ತಮೂರು ದಿನ ಹಿಡಿಯಿತು. ನಡುವೆ ಎರಡು ಸಲ ಕನ್ನಡಕ ಹಾಕಿಕೊಂಡೇ ನಿದ್ದೆ ಹೋದೆ. ಅಮ್ಮ ಚಾಡಿ ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ.

ತಲೆಗೆ ಬೆಲೆ ಕಟ್ಟಿದವರನ್ನು ಹಿಡಿದುಕೊಟ್ಟು ಹೊಟ್ಟೆ ಹೊರೆಯುವ ಹೆಣ್ಣು, ಅಣ್ಣನನ್ನು ಕೊಂದವನಿಗಾಗಿ ಅವಳ ಹುಡುಕಾಟ. ಕಥೆಗೆ ಕಸುವಿದೆ. ಆದರೆ ಆ ಅಣ್ಣ ಸಾಯುವುದು 290ನೆಯ ಪುಟದಲ್ಲಿ! ಅಲ್ಲಿಯವರೆಗೆ ಏಳು ರಾಜ್ಯಗಳ ವಂಶಾವಳಿ, ನಾಣ್ಯಗಳ ಹೆಸರು, ಎರಡು ಚಂದ್ರರ ಪಂಚಾಂಗ. ಪಂಚಾಂಗದ ಲೆಕ್ಕ ಎಲ್ಲಿಯೂ ತಪ್ಪಿಲ್ಲ, ಕೂತು ಕೂಡಿಸಿ ನೋಡಿದೆ. ಆದರೂ ಸೇಡು ತೀರಿಸಲು ಹೊರಟವಳಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು ಮಗಳೇ?

ಮುಧೋಳದ ಬಳೆಗಾರರ ಮನೆಯ ರನ್ನ ಹತ್ತನೆಯ ಶತಮಾನದಲ್ಲಿ ‘ಗದಾಯುದ್ಧ’ ಬರೆದ. ಅದೂ ಸೇಡಿನ ಕಥೆಯೇ. ಕರ್ಣ, ದುಶ್ಶಾಸನರು ಸತ್ತ ಮೇಲೆ ಕಥೆ ಎತ್ತಿಕೊಂಡು ಹತ್ತು ಆಶ್ವಾಸಗಳಲ್ಲಿ ಮುಗಿಸಿದ. ಜೂಜು, ದ್ರೌಪದಿಯ ಬಿಚ್ಚಿದ ಮುಡಿ, ಎಲ್ಲ ಸಿಟ್ಟಿನ ಮಾತಿನ ನಡುವೆ ನೆನಪಾಗಿ ನುಗ್ಗುತ್ತವೆ. ನಡೆಯುವ ಸಿಂಹ ಆಗಾಗ ಹಿಂದಿರುಗಿ ನೋಡಿದ ಹಾಗೆ. ಸಿಂಹಾವಲೋಕನ ಎಂದು ಕಾಲೇಜಿನಲ್ಲಿ ಓದಿರುತ್ತೀಯ. ಭೀಮನ ಗರ್ಜನೆ ಕೇಳಿ ದುರ್ಯೋಧನ ಸರೋವರದ ನೀರಿನೊಳಗಿದ್ದೂ ಬೆವರುತ್ತಾನಲ್ಲ, ಅದಕ್ಕೆ ರನ್ನನಿಗೆ ಬೇಕಾದದ್ದು ಒಂದು ಪದ್ಯ. ನಿನ್ನ ಖಳ ಹೆದರುವುದಕ್ಕೆ ಹನ್ನೆರಡು ಪುಟ ತೆಗೆದುಕೊಂಡಿದ್ದಾನೆ, ಬೆವರು ಮಾತ್ರ ಕಾಣಲಿಲ್ಲ.

ಇನ್ನು 611ನೆಯ ಪುಟ. ಸೆರೆಸಿಕ್ಕ ಮುದುಕನ ಕೈಕಟ್ಟು ಬಿಚ್ಚಲು ನಂಬಿಕೆಯಿಲ್ಲದೆ ಅವಳೇ ರೊಟ್ಟಿ ಮುರಿದು ಅವನ ಬಾಯಿಗಿಡುತ್ತಾಳೆ. ಹಲ್ಲಿಲ್ಲವೆಂದು ತಿಳಿದಾಗ ಬೈಯುತ್ತಲೇ ನೀರಿನಲ್ಲಿ ಅದ್ದಿ ಕೊಡುತ್ತಾಳೆ. ಮರುದಿನ ಅವನನ್ನು ಒಪ್ಪಿಸಿ ಹಣ ಎಣಿಸಿಕೊಳ್ಳುವಾಗ ಅವಳ ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿದೆ. ಅಚ್ಚುಕೂಟದಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು ನಾನು. ಅಲ್ಲಿ ಕೆಂಪು ಪೆನ್ನಿನ ಮುಚ್ಚಳ ಹಾಕಿ ಸುಮ್ಮನೆ ಕುಳಿತೆ. ಕಥೆ ಅಲ್ಲಿಂದಲೇ ಶುರುವಾಗಲಿ. ಅಣ್ಣ ಹಿಂದಿನಿಂದ ಬರಲಿ, ಬೇಕಾದಾಗ.

ಹಾರುವ ಹಾವುಗಳ ಅಧ್ಯಾಯಕ್ಕೆ ಪೂರ್ತಿ ಗೀಟು ಎಳೆದಿದ್ದೇನೆ. ಎರಡು ದಿನ ನನ್ನೊಂದಿಗೆ ಮಾತು ಬಿಡುವುದಾದರೆ ಬಿಡು.

ಕಟ್ಟನ್ನು ನಾಳೆ ರಾತ್ರಿಯ ಬಸ್ಸಿಗೆ ಹಾಕುತ್ತೇನೆ. ಎಣಿಸಿದರೆ ಒಂದು ಪುಟ ಕಡಿಮೆ ಬರುತ್ತದೆ, ಗಾಬರಿಯಾಗಬೇಡ. ಅಮ್ಮ ಅದನ್ನು ಅಡುಗೆಮನೆಗೆ ಒಯ್ದಿದ್ದಾಳೆ, ಇನ್ನೂ ಹಿಂದಕ್ಕೆ ಕೊಟ್ಟಿಲ್ಲ.

ನಿನ್ನ ಅಪ್ಪ