ವಿದೇಶಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅರ್ಜಿ ತುಂಬಲು ಕೂರುವ ಮುನ್ನ ದಯವಿಟ್ಟು ಇದನ್ನು ಓದಿ.

ಮೊದಲು ವೀಸಾ ವಿಚಾರ. ಪೂರ್ತಿ ಆನ್‌ಲೈನ್ ಕೋರ್ಸಿಗೆ ಸೇರಿದರೆ ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಬ್ರಿಟನ್ನಿನಲ್ಲೂ ದೂರಶಿಕ್ಷಣಕ್ಕೆ ವಿದ್ಯಾರ್ಥಿ ವೀಸಾ ಇಲ್ಲ. ಓದು ಮುಗಿಸಿ ಅಲ್ಲೇ ಕೆಲಸ ಹಿಡಿಯುವ ಆಸೆಯಿದ್ದರೆ ಈ ದಾರಿ ನಿಮ್ಮದಲ್ಲ. ಇದ್ದಲ್ಲೇ ಇದ್ದು, ಕೆಲಸ ಬಿಡದೆ ಓದುವವರಿಗೆ ಮಾತ್ರ ಇದು ನಿಜಕ್ಕೂ ಒಳ್ಳೆಯ ಅವಕಾಶ.

ಹೆಚ್ಚು ಸಮಯ ತಿನ್ನುವುದು ಅಂಕಪಟ್ಟಿ. ನೀವೇ ಸ್ಕ್ಯಾನ್ ಮಾಡಿದ ಪ್ರತಿ ಮೊದಲ ಹಂತಕ್ಕೆ ಸಾಕಾಗಬಹುದು. ಆದರೆ ಪ್ರವೇಶ ಖಚಿತವಾದ ಮೇಲೆ ಅಧಿಕೃತ ಪ್ರತಿ ನೀವು ಓದಿದ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕೆಂದು ಬಹಳ ಕಡೆ ಕೇಳುತ್ತಾರೆ. ಪರೀಕ್ಷಾ ವಿಭಾಗಕ್ಕೆ ಈಗಲೇ ಅರ್ಜಿ ಕೊಡಿ. ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ: ಅಂಕಪಟ್ಟಿಯಲ್ಲಿ ಬರಿಯ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಇದ್ದರೆ ಕಡತ ಅಲ್ಲೇ ನಿಲ್ಲಬಹುದು. ಅರ್ಜಿಯಲ್ಲಿ ಪಾಸ್‌ಪೋರ್ಟಿನಂತೆಯೇ ಬರೆಯಿರಿ. ವ್ಯತ್ಯಾಸವಿದ್ದರೆ ಪ್ರವೇಶ ವಿಭಾಗಕ್ಕೆ ಮೊದಲೇ ಇಮೇಲ್ ಮಾಡಿ.

ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕಗಳ ಮಾನ್ಯತೆ 2 ವರ್ಷ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಕೆಲವೆಡೆ ವಿನಾಯಿತಿ ಇದೆ, ಎಲ್ಲೆಡೆ ಇಲ್ಲ. ಶುಲ್ಕ ಕಟ್ಟುವ ಮುನ್ನ ವಿಚಾರಿಸಿ.

ಶಿಫಾರಸು ಪತ್ರ ಕೊಡುವ ಅಧ್ಯಾಪಕರಿಗೆ ಕನಿಷ್ಠ ಒಂದು ತಿಂಗಳ ಕಾಲಾವಕಾಶ ಕೊಡಿ. ಅವರೂ ಕೆಲಸದ ಒತ್ತಡದಲ್ಲಿರುತ್ತಾರೆ.

ಕೊನೆಯ ದಿನಾಂಕ ಯಾವ ದೇಶದ ಗಡಿಯಾರದ ಪ್ರಕಾರ ಎಂಬುದನ್ನೂ ನೋಡಿಕೊಳ್ಳಿ. ಉದ್ದೇಶ ಪತ್ರದ (ಈ ಕೋರ್ಸ್ ಯಾಕೆ ಓದಬೇಕೆಂದು ನೀವು ಬರೆಯುವ ಪತ್ರ) ಕರಡು ಸಿದ್ಧವಿರುವವರು ಗುಂಪಿಗೆ ಹಾಕಿ, ಖಂಡಿತ ಓದಿ ಅಭಿಪ್ರಾಯ ಹೇಳುತ್ತೇನೆ. ಪಾಸ್‌ಪೋರ್ಟ್ ಪ್ರತಿಯನ್ನು ಮಾತ್ರ ಇಲ್ಲಿ ಹಾಕಬೇಡಿ.