ಬ್ರಾಡ್‌ಶಾದಲ್ಲಿ ಜೊತೆಗಿದ್ದವರಿಗೆ ಥ್ಯಾಂಕ್ಸ್

ಬ್ರಾಡ್‌ಶಾದಲ್ಲಿ ನಮ್ಮ ತಂಡದ ಪಾಲಿನ ಕೆಲಸ ಮುಗಿದಿದೆ. ಮಳೆ ಹಿಡಿಯುವ ಮೊದಲೇ ಯಂತ್ರಗಳೆಲ್ಲ ಹೊರಗೆ ಬಂದವು. ಥ್ಯಾಂಕ್ಸ್ ಹೇಳಬೇಕಾದವರು ಜಾಸ್ತಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಕೆಲಸ ಯಾವ ವರದಿಯಲ್ಲೂ ಒಂದು ಸಾಲಿಗಿಂತ ಹೆಚ್ಚು ಬರುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಾಡ್‌ಶಾ ಅಂದರೆ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿರುವ ಸೇನಾ ತರಬೇತಿ ಪ್ರದೇಶ. ಡಾರ್ವಿನ್‌ನಿಂದ ಸುಮಾರು 600 ಕಿ.ಮೀ. ದೂರ. ಟಿಂಬರ್ ಕ್ರೀಕ್ ಎಂಬ ಪುಟ್ಟ ಊರಿನ ಹತ್ತಿರ, ವಿಕ್ಟೋರಿಯಾ ನದಿ ದಾಟಿದರೆ ಶುರು. ಸುಮಾರು 8,700 ಚದರ ಕಿ.ಮೀ. ಇದೆ. ಎರಡು ಕೊಡಗು ಜಿಲ್ಲೆ ಇಟ್ಟರೂ ಜಾಗ ಮಿಗುತ್ತದೆ. ಮೊದಲು ಇದು ದನ ಸಾಕುವ ಸ್ಟೇಷನ್ ಆಗಿತ್ತು. 1996ರಲ್ಲಿ ರಕ್ಷಣಾ ಇಲಾಖೆ ಕೊಂಡುಕೊಂಡಿತು. 2012ರಿಂದ ಅಮೆರಿಕದ ಮರೀನ್ ಸೈನಿಕರೂ ತರಬೇತಿಗಾಗಿ ಡಾರ್ವಿನ್‌ಗೆ ಬರುತ್ತಿದ್ದಾರೆ. ಬ್ರಾಡ್‌ಶಾ ಸೇರಿ ಇಲ್ಲಿನ ನಾಲ್ಕು ತರಬೇತಿ ಪ್ರದೇಶಗಳನ್ನು ಮೇಲ್ದರ್ಜೆಗೆ ಏರಿಸಲು 2021ರಲ್ಲಿ ಸರ್ಕಾರ 74.7 ಕೋಟಿ ಆಸ್ಟ್ರೇಲಿಯನ್ ಡಾಲರ್ ಘೋಷಿಸಿತು.

ಇಲ್ಲಿನ ಕಾಮಗಾರಿಯಲ್ಲಿ ನನ್ನದು ಪರಿಸರ ಮೇಲ್ವಿಚಾರಣೆ. ಅಂದರೆ ಕೆಲಸ ಮಾಡುವವರನ್ನು ತಡೆದು ‘ಸ್ವಲ್ಪ ನಿಲ್ಲಿ’ ಅನ್ನುವ ಕೆಲಸ. ಜನಪ್ರಿಯತೆ ಸಿಗುವ ಹುದ್ದೆ ಅಲ್ಲ, ಬಿಡಿ.

ಮೊದಲ ಥ್ಯಾಂಕ್ಸ್ ವಾಹನ ತೊಳೆಯುತ್ತಿದ್ದ ಹುಡುಗರಿಗೆ. ಸುಮ್ನೆ ಹೇಳುತ್ತಿಲ್ಲ. ಈ ಕಾಡಿಗೆ ಸೈನಿಕರ ಗುಂಡೇಟಿಗಿಂತ ದೊಡ್ಡ ಅಪಾಯ ಕಳೆಯ ಬೀಜ. ಗಾಂಬಾ ಹುಲ್ಲು ಅಂತ ಒಂದಿದೆ. ಮೇವಿಗೆ ಅಂತ ಆಫ್ರಿಕಾದಿಂದ ತಂದದ್ದು. ನಾಲ್ಕು ಮೀಟರ್ ಎತ್ತರ ಬೆಳೆಯುತ್ತದೆ. ಅದಕ್ಕೆ ಬೆಂಕಿ ಬಿದ್ದರೆ ಸ್ಥಳೀಯ ಹುಲ್ಲಿನ ಬೆಂಕಿಗಿಂತ ಹಲವು ಪಟ್ಟು ಜೋರು. ಮರಗಳು ಮೇಲಿನವರೆಗೂ ಸುಡುತ್ತವೆ. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಗಾಂಬಾನೇ ಬರುತ್ತದೆ. ಡಾರ್ವಿನ್ ಕಡೆ ರಸ್ತೆಬದಿಯಲ್ಲಿ ಎಷ್ಟು ಬೇಕಾದರೂ ನೋಡಬಹುದು. ಅಲ್ಲಿಂದಲೇ ನಮ್ಮ ಲಾರಿಗಳು ಬರುವುದು, ಅಲ್ವಾ? ಆದ್ದರಿಂದ ಒಳಗೆ ಹೋಗುವ ಪ್ರತಿ ಗಾಡಿಯನ್ನೂ ತೊಳೆಯಬೇಕು. ರೇಡಿಯೇಟರ್ ಜಾಲರಿ, ಟೈರಿನ ಸಂದು, ಡೋಜರ್ ಚೈನಿನ ಒಳಗೆ ಗಟ್ಟಿಯಾದ ಮಣ್ಣು, ಸೀಟಿನ ಕೆಳಗಿನ ಚಾಪೆ. ಅಕ್ಟೋಬರ್‌ನ ಸುಡು ಬಿಸಿಲಲ್ಲಿ ಟ್ರಕ್ ಅಡಿಗೆ ಮಲಗಿ ಟಾರ್ಚ್ ಹಿಡಿದು ಬೀಜ ಹುಡುಕುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ‘ಇನ್ನೊಂದು ಸಲ ತೊಳೆಯಿರಿ’ ಅಂದಾಗ ಡ್ರೈವರ್‌ಗಳಿಂದ ಬೈಸಿಕೊಂಡವರು ಇವರು. ಪೈಪ್ ಕೆಳಗಿಡಲಿಲ್ಲ.

ಎರಡನೆಯದು ಗ್ರೇಡರ್, ಅಂದರೆ ಮಣ್ಣಿನ ರಸ್ತೆ ಸಮ ಮಾಡುವ ಯಂತ್ರ, ಓಡಿಸಿದವರಿಗೆ. ಇಲ್ಲಿ ಅರ್ಧ ವರ್ಷ ಒಂದು ಹನಿ ಮಳೆ ಇಲ್ಲ. ಆಮೇಲೆ ಒಂದೇ ರಾತ್ರಿಗೆ ರಸ್ತೆ ಹಳ್ಳವಾಗಿ ಹರಿಯುತ್ತದೆ. ಆ ಮಣ್ಣೆಲ್ಲ ಸೀದಾ ನದಿಗೆ. ಇದಕ್ಕೆ ಇಲ್ಲಿನವರ ಉಪಾಯ ‘ವೋ-ಬಾಯ್’. ರಸ್ತೆಗೆ ಅಡ್ಡಲಾಗಿ ಹಾಕುವ ಅಗಲವಾದ ಮಣ್ಣಿನ ಉಬ್ಬು. ನೀರು ವೇಗ ಹಿಡಿಯುವ ಮೊದಲೇ ಅದನ್ನು ಪಕ್ಕದ ಹುಲ್ಲಿಗೆ ತಿರುಗಿಸುತ್ತದೆ. ಕೋನ ಸ್ವಲ್ಪ ತಪ್ಪಿದರೂ ಉಬ್ಬಿನ ಹಿಂದೆಯೇ ಕೊರಕಲು ಬೀಳುತ್ತದೆ. ನಕ್ಷೆಯಲ್ಲಿ ಗೆರೆ ಎಳೆಯುವುದು ಸುಲಭ. ಇಳಿಜಾರನ್ನು ಕಣ್ಣಲ್ಲೇ ಅಳೆದು ‘ಇಲ್ಲಿ ಬೇಡ, ಸ್ವಲ್ಪ ಮೇಲೆ ಹಾಕೋಣ’ ಅಂದವರು ಆಪರೇಟರ್‌ಗಳು. ಅವರು ಹೇಳಿದ ಕಡೆಯೇ ಹಾಕಿದೆವು.

ಇಲ್ಲಿನ ಮೂಲನಿವಾಸಿಗಳಾದ ಜಮಿಂಜುಂಗ್ ಜನರ ಹಿರಿಯರಿಗೆ ಹೇಗೆ ಥ್ಯಾಂಕ್ಸ್ ಹೇಳಬೇಕು ಅಂತ ಇನ್ನೂ ತಿಳಿಯುತ್ತಿಲ್ಲ. ಇದು ಅವರ ನೆಲ. ಅವರ ನೆಲದಲ್ಲಿ ಅಡ್ಡಾಡಿ, ಎಲ್ಲಿ ಅಗೆಯಬಾರದು ಅಂತ ಅವರನ್ನೇ ಕೇಳುವುದು ಸ್ವಲ್ಪ ಮುಜುಗರದ ವಿಷಯ. ಆದರೂ ಜೊತೆಗೆ ನಡೆದರು, ತೋರಿಸಿದರು. ಕೆಲವು ಕಡೆ ‘ಇಲ್ಲಿ ಬೇಡ’ ಅಂದರು, ಕಾರಣ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾವು ದಾರಿ ಬದಲಿಸಿದೆವು. ಹೊಟ್ಟೆ ಊದಿದ ಬೊವಾಬ್ ಮರಗಳನ್ನು ಸುತ್ತಿಕೊಂಡು ಹೋಗುವ ತಿರುವುಗಳು ಈಗ ಸೈನಿಕರಿಗೆ ವಿಚಿತ್ರ ಅನಿಸಬಹುದು. ಪರವಾಗಿಲ್ಲ.

ಬೆಂಕಿ ಹಚ್ಚಿದ ರೇಂಜರ್‌ಗಳಿಗೂ ನಮಸ್ಕಾರ. ಹೌದು, ಹಚ್ಚಿದವರಿಗೇ. ಮಳೆ ನಿಂತ ಹೊಸದರಲ್ಲಿ, ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗ, ಅಲ್ಲಲ್ಲಿ ತೇಪೆ ಹಾಕಿದ ಹಾಗೆ ತಣ್ಣಗೆ ಸುಡುತ್ತಾರೆ. ಹಾಗೆ ಮಾಡಿದರೆ ಸೆಪ್ಟೆಂಬರ್, ಅಕ್ಟೋಬರ್‌ನ ದೊಡ್ಡ ಬೆಂಕಿಗೆ ಓಡಲು ದಾರಿ ಸಿಗುವುದಿಲ್ಲ. ಗುಂಡು ಹಾರಿಸುವ ಜಾಗದಲ್ಲಿ ಕಿಡಿ ಬೀಳುವುದು ಸಹಜ. ಹಾಗಾಗಿ ಇಲ್ಲಿ ಈ ಕೆಲಸಕ್ಕೆ ಬೆಲೆ ಇನ್ನೂ ಜಾಸ್ತಿ. ನದಿ ದಡದ ಎತ್ತರದ ಹುಲ್ಲಿನಲ್ಲಿ ನೇರಳೆ ಕಿರೀಟದ ಪುಟ್ಟ ಫೇರಿ-ರೆನ್ ಹಕ್ಕಿ ಬದುಕುತ್ತದೆ. ಆ ಹುಲ್ಲು ಸುಟ್ಟರೆ, ದನ ತುಳಿದರೆ, ಅದಕ್ಕೆ ಹೋಗಲು ಬೇರೆ ಜಾಗ ಇಲ್ಲ.

ತರಬೇತಿ ಪ್ರದೇಶದ ಓಡಾಟ, ಸುರಕ್ಷತೆ ನೋಡಿಕೊಳ್ಳುವ ರೇಂಜ್ ಕಂಟ್ರೋಲ್‌ನವರಿಗೆ, ಸಿಡಿಯದೆ ಉಳಿದ ಗುಂಡುಗಳನ್ನು ಹುಡುಕಿ ನಮಗೆ ದಾರಿ ಮಾಡಿಕೊಟ್ಟವರಿಗೆ, ಕ್ಯಾಂಪಿನ ಅಡುಗೆಯವರಿಗೆ, ಎಲ್ಲರಿಗೂ ಥ್ಯಾಂಕ್ಸ್.

‘ಬಾಂಬ್ ಹಾಕುವ ಜಾಗಕ್ಕೆ ಪರಿಸರ ಯಾಕೆ?’ ಅಂತ ಕೇಳಿದ ಗೆಳೆಯರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಸೈನ್ಯ ಇರುವುದರಿಂದ ಕಾಡು ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಟ್ಯಾಂಕ್ ಓಡಿದ ಕಡೆ ನೆಲ ಹಾಳಾಗುತ್ತದೆ. ಆ ಹಾನಿ ಒಂದೇ ಕಡೆ ನಿಲ್ಲಬೇಕು, ನದಿಗೆ ಇಳಿಯಬಾರದು. ನಾವು ದುಡಿದದ್ದು ಅಷ್ಟಕ್ಕೇ.

ಮಳೆ ನಿಂತ ಮೇಲೆ ಕಳೆ ಹುಡುಕುವ ಪಾಳಿ ಬೇರೆ ತಂಡದ್ದು. ಅವರಿಗೆ ಮುಂಗಡ ಥ್ಯಾಂಕ್ಸ್. ವಾಹನ ತೊಳೆಯುವ ಪಂಪ್ ಮೊದಲ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ. ಚೋಕ್ ಎಳೆದು ಇನ್ನೊಂದು ಸಲ ನೋಡಿ, ಒದೆಯಬೇಡಿ.